ಲೈನ್ ಹೋಗದ ಹಾಗೆ ಮಾಡಿದ ಪ್ರೇಮಾನಂದ

ನಮ್ಮ ಸಹಕಾರಿ ಸೊಸೈಟಿಯ ಹೆಡ್ ಆಫೀಸಿನ ಗೋಡೆಯಲ್ಲಿ ಫೋಟೋಗಳಿಗೆ ಬರಗಾಲವಿಲ್ಲ. ಸ್ಥಾಪಕರು, ಅಧ್ಯಕ್ಷರು, ಅಧ್ಯಕ್ಷರಿಗೆ ಶಾಲು ಹೊದಿಸಿದವರು, ಶಾಲು ಹೊದಿಸಿದವರ ಪಕ್ಕದಲ್ಲಿ ಸುಮ್ಮನೆ ನಿಂತವರು. ಕಟ್ಟಡಕ್ಕೆ ಸಿಮೆಂಟು ಕೊಟ್ಟವರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಪ್ರೇಮಾನಂದನ ಹೆಸರು ಮಾತ್ರ ಎಲ್ಲೂ ಇಲ್ಲ. ಅದಕ್ಕೇ ನಾನು ಬರೆಯಲು ಕುಳಿತದ್ದು. ನನಗೆ ಬರೆದು ಅಭ್ಯಾಸವಿಲ್ಲ, ಆದರೆ ಸಿಟ್ಟು ಬೇಕಾದಷ್ಟಿದೆ.

ನಾನು ಜಲಜ. ಊರು ಗುಲ್ವಾಡಿ, ಹೊಳೆಬದಿಯ ಗದ್ದೆಮನೆ. ಸೊಸೈಟಿಯ ಬೈಂದೂರು ಶಾಖೆಗೆ ಕ್ಯಾಶಿಯರ್ ಆಗಿ ಸೇರಿ ಅಲ್ಲೇ ನಿವೃತ್ತಳಾದವಳು. ಹೆಡ್ ಆಫೀಸು ಕುಂದಾಪುರದಲ್ಲಿ, ಇನ್ನೊಂದು ದೊಡ್ಡ ಶಾಖೆ ಬ್ರಹ್ಮಾವರದಲ್ಲಿ. ಈ ಮೂರು ಊರುಗಳ ನಡುವೆ ಪ್ರೇಮಾನಂದ ಓಡಾಡಿದಷ್ಟು ಬಸ್ಸಿನ ಕಂಡಕ್ಟರುಗಳೂ ಓಡಾಡಿರಲಿಕ್ಕಿಲ್ಲ.

ಅವನು ಉಪ್ಪುಂದದ ಕಡಲಕರೆಯವನು. ತಂದೆ ಗುಡ್ಡ ಎಂಬವರು ಕೈರಂಪಣಿಯ ಆಳು, ಅಂದರೆ ದಡದಲ್ಲಿ ನಿಂತು ಊರೆಲ್ಲ ಸೇರಿ ಎಳೆಯುವ ದೊಡ್ಡ ಬಲೆಯ ಹಗ್ಗ ಹಿಡಿದು ಸಂಸಾರ ಸಾಕಿದವರು. ಮಗ ತೊಂಬತ್ತೇಳರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ. ಆ ವರ್ಷವೇ ಕೇರಿಯ ಉಳಿದ ಹುಡುಗರಂತೆ ಬೊಂಬಾಯಿಯ ಬಸ್ಸು ಹತ್ತಿ, ಯಾವುದೋ ಆಫೀಸಿನ ಕ್ಯಾಂಟೀನಿನಲ್ಲಿ ಕಪ್ಪುಬಸಿ ತೊಳೆಯಲು ನಿಂತ. ಆ ಆಫೀಸಿನಲ್ಲಿ ಕಂಪ್ಯೂಟರಿಗೆಂದೇ ಒಂದು ತಣ್ಣನೆಯ ಕೋಣೆ ಇತ್ತಂತೆ. ಚಾ ಕೊಡಲು ಹೋದವನು ಅಲ್ಲಿಯ ತಂತಿಗಳನ್ನು ನೋಡುತ್ತಾ ನಿಂತುಬಿಡುತ್ತಿದ್ದ, ಚಾ ಆರಿತೆಂದು ಬೈಗುಳ ತಿನ್ನುತ್ತಿದ್ದ. ಸಂಜೆ ಕಾಲೇಜು, ಆಮೇಲೆ ಕಂಪ್ಯೂಟರ್ ಕ್ಲಾಸು, ಆಮೇಲೆ ಅದೇ ಕೋಣೆಗೆ ತಂತಿ ಎಳೆಯುವ ಗುತ್ತಿಗೆದಾರನ ಕೈಕೆಳಗೆ ಕೆಲಸ. ಹಾಗೇ ಮುಂದುವರಿದಿದ್ದರೆ ಒಂದು ನೆಲೆ ಮುಟ್ಟುತ್ತಿದ್ದನೋ ಏನೋ. ಆದರೆ ಗಾಳಿ ಬಾರದ ಒಂದೇ ಖೋಲಿಯಲ್ಲಿ ಹತ್ತಾರು ಜನ ಮಲಗುವ ಬದುಕು. ಕೆಮ್ಮು ಹಿಡಿಯಿತು, ಕೆಮ್ಮಿನಲ್ಲಿ ರಕ್ತ ಕಾಣಿಸಿತು, ಟಿ.ಬಿ. ಎಂದರು. ಊರಿಗೆ ಬಂದು ಮದ್ದು ಮಾಡಿ ಗುಣವಾದ, ಆದರೆ ಒಂದು ಬದಿಯ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಬಲೆ ಎಳೆಯುವುದು ಬೇಡ, ಬೊಂಬಾಯಿ ಅಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿದರು.

ಚಂದ್ರಮತಿ ಅವನನ್ನು ಮದುವೆಯಾದದ್ದೂ ಅದೇ ಮಾತಿನ ಮೇಲೆ. ಅವಳ ಅಪ್ಪ ಆಯುಷ್ಯವನ್ನೆಲ್ಲ ಬೊಂಬಾಯಿಯ ಹೋಟೆಲಿಗೆ ಕೊಟ್ಟವರು. ವರ್ಷಕ್ಕೊಮ್ಮೆ ಟ್ರಂಕು ಹಿಡಿದು ಬರುವ ಆ ಮನುಷ್ಯನನ್ನು ಕಂಡು ಚಿಕ್ಕಂದಿನಲ್ಲಿ ಅವಳು ಬಾಗಿಲ ಹಿಂದೆ ಅಡಗುತ್ತಿದ್ದಳಂತೆ. “ಬೊಂಬಾಯಿಗ್ ಹೋತಿಲ್ಲೆ ಅಂದ್ರೆ ಮಾತ್ರ ಮದಿ. ನನ್ನ್ ಮಕ್ಳ್ ಅಪ್ಪನ್ ಕಂಡ್ ಹೆದ್ರುಕಾಗ” ಎಂದು ಹುಡುಗಿ ನೋಡಲು ಹೋದ ದಿನವೇ ಅವಳು ಹೇಳಿದ್ದಳು. ಪ್ರೇಮಾನಂದ ಒಪ್ಪಿದ. ಮುಂದೆ ಧನ್ಯಶ್ರೀ ಎಂಬ ಮಗಳು ಹುಟ್ಟಿದಳು. ಅವನಿಗೆ ಬೇಕಾದದ್ದು ಒಂದೇ, ಊರಿನಲ್ಲಿ ಉಳಿಯುವುದಕ್ಕೆ ಒಂದು ಖಾಯಂ ಕೆಲಸ.

2006ರಲ್ಲಿ ನಮ್ಮ ಸೊಸೈಟಿಗೆ ಕಂಪ್ಯೂಟರ್ ಬಂತು. ಹೊರಗಿನ ಒಂದು ಕಂಪನಿಯವರು ಮೂರೂ ಕಡೆ ರೂಟರ್ ಎಂಬ ಪೆಟ್ಟಿಗೆ ಇಟ್ಟು, ಬಾಡಿಗೆ ಲೈನಿಗೆ ಜೋಡಿಸಿ ಹೋದರು. ನನ್ನ ಕೌಂಟರಿಗೆ ಬಂದವರ ಖಾತೆಯ ಲೆಕ್ಕವೆಲ್ಲ ಇರುವುದು ಕುಂದಾಪುರದಲ್ಲಿ. ಅಲ್ಲಿಗೆ ಹೋಗಿ ಬರುವ ದಾರಿ ಯಾವುದೆಂದು ತೋರಿಸುವುದೇ ಈ ಪೆಟ್ಟಿಗೆಯ ಕೆಲಸ. ಇಟ್ಟು ಹೋದವರು ಮತ್ತೆ ತಿರುಗಿ ನೋಡಲಿಲ್ಲ. ಆಗ ಊರಿನಲ್ಲಿ ಈ ಕೆಲಸ ತಿಳಿದವನು ಯಾರಿದ್ದಾನೆ ಎಂದು ಹುಡುಕಿ ನಮ್ಮ ಜನರಲ್ ಮ್ಯಾನೇಜರ್ ಜಿತೇಂದ್ರರು ಪ್ರೇಮಾನಂದನನ್ನು ಕರೆಸಿದರು. ನೌಕರಿ ಅಲ್ಲ. ಕರೆದ ದಿನ ಬರಬೇಕು, ಬಂದ ದಿನಕ್ಕೆ ಕೂಲಿ.

ಕರೆ ಇಲ್ಲದ ವಾರವೇ ಇರಲಿಲ್ಲ. ಹೆದ್ದಾರಿಯ ಬದಿಯಲ್ಲಿ ಯಾರು ಗುಂಡಿ ತೋಡಿದರೂ ನಮ್ಮ ಲೈನಿಗೇ ಪೆಟ್ಟು, ಎಲ್ಲಿ ಸಿಡಿಲು ಹೊಡೆದರೂ ನಮ್ಮ ಪೆಟ್ಟಿಗೆಗೇ ಜ್ವರ. ಬೈಂದೂರಿನಿಂದ ಕುಂದಾಪುರಕ್ಕೆ ಒಂದು ಲೈನು, ಕುಂದಾಪುರದಿಂದ ಬ್ರಹ್ಮಾವರಕ್ಕೆ ಒಂದು. ಎರಡೂ ಹೆದ್ದಾರಿ ಹಿಡಿದೇ ಹೋಗುವಂಥವು. ಪ್ರೇಮಾನಂದ ಜಿತೇಂದ್ರರ ಬೆನ್ನು ಹತ್ತಿ ಮೂರನೆಯ ಲೈನು ಹಾಕಿಸಿದ. ಅದು ಹೆದ್ದಾರಿ ಬಿಟ್ಟು, ಒಳಗಿನಿಂದ ಕೆರಾಡಿಯ ಕಡೆ ಸುತ್ತಿ ಬೈಂದೂರನ್ನು ನೇರ ಬ್ರಹ್ಮಾವರಕ್ಕೆ ಜೋಡಿಸುವ ಲೈನು. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸುತ್ತಿ ಹೋಗಬಹುದು.

ಹೋಗಬಹುದು ಎಂದರೆ ತಾನಾಗಿ ಹೋಗುತ್ತದೆ ಎಂದಲ್ಲ. ಕಂಪನಿಯವರು ಪ್ರತಿ ಪೆಟ್ಟಿಗೆಯಲ್ಲೂ ದಾರಿಯನ್ನು ಕೈಯಾರೆ ಬರೆದಿಟ್ಟಿದ್ದರು. ಬೈಂದೂರಿನದ್ದಕ್ಕೆ ಗೊತ್ತಿರುವುದು ಹೆದ್ದಾರಿಯ ಲೈನು ಒಂದೇ. ಅದು ಹೋದರೆ ಪಕ್ಕದಲ್ಲಿ ಇನ್ನೊಂದು ಲೈನು ಜೀವಂತ ಇದ್ದರೂ ಪೆಟ್ಟಿಗೆ ಪೆಕರನಂತೆ ಸತ್ತ ಲೈನನ್ನೇ ನೋಡುತ್ತಾ ಕುಳಿತಿರುತ್ತಿತ್ತು. ಆಗ ಪ್ರೇಮಾನಂದ ಬಸ್ಸು ಹತ್ತಿ ಬಂದು, ಚೀಲದಿಂದ ಲ್ಯಾಪ್‌ಟಾಪು ಮತ್ತು ನೀಲಿ ತಂತಿ ತೆಗೆದು ಪೆಟ್ಟಿಗೆಗೆ ಸಿಕ್ಕಿಸಿ, ಇನ್ನು ಈ ಕಡೆಯಿಂದ ಹೋಗು ಎಂದು ಬರೆಯಬೇಕು. ಲೈನು ಸರಿಯಾದ ದಿನ ಪುನಃ ಬಂದು ಅದನ್ನು ಅಳಿಸಬೇಕು. ಬ್ರಹ್ಮಾವರದ ಕಡೆಯ ಲೈನು ಹೋದರೆ ಇದೇ ಯಾತ್ರೆ ತೆಂಕು ದಿಕ್ಕಿಗೆ. ಸಾಸ್ತಾನದಲ್ಲಿ ಬಸ್ಸಿಗೆ ಕಾಯುತ್ತಾ ಅವನು ನಿಂತದ್ದನ್ನು ಕಂಡರೆ ಜನ ಬಸ್ಸಿನ ಕಿಟಕಿಯಿಂದಲೇ “ಹ್ವಾಯ್, ಇವತ್ತ್ ಯಾವ್ ಕಡಿದ್ ಹೋಯ್ತ್?” ಎಂದು ಕೂಗುತ್ತಿದ್ದರು. ಅವನು ನಗುತ್ತಾ ಕೈ ಎತ್ತಿ ದಿಕ್ಕು ತೋರಿಸುತ್ತಿದ್ದ.

ನಿಜ ಹೇಳಬೇಕೆಂದರೆ ಆ ಕಾಲದಲ್ಲಿ ಅವನಿಗೆ ಮರ್ಯಾದೆ ಇತ್ತು. ನಮ್ಮ ಶಾಖೆಯ ಒಳಗೆ ಅವನು ಕಾಲಿಟ್ಟರೆ ಸರದಿಯಲ್ಲಿ ನಿಂತ ಮೀನಿನ ಹೆಂಗಸರೇ ದಾರಿ ಬಿಡುತ್ತಿದ್ದರು. ಜಿತೇಂದ್ರರೂ ಎದ್ದು ಬಂದು ಮಾತಾಡಿಸುತ್ತಿದ್ದರು. ಲೈನು ಇಷ್ಟು ಸಲ ಹೋಗುವಾಗ ಒಬ್ಬ ಖಾಯಂ ಮನುಷ್ಯ ಬೇಕೇ ಬೇಕು ಎಂದು ಅವರು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದರು. ಆಗುತ್ತದೆ, ಮುಂದಿನ ಮೀಟಿಂಗಿಗೆ ಬರಲಿ ಎಂದರು ಅಧ್ಯಕ್ಷರು. ಮುಂದಿನ ಮೀಟಿಂಗಿನಲ್ಲಿ ಅದರ ಮುಂದಿನ ಮೀಟಿಂಗು ಎಂದರು. ಹೀಗೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ 2010 ಕಳೆಯುತ್ತಾ ಬಂತು. ಆದರೂ ಆಗುವುದು ಖಂಡಿತ ಎಂದೇ ಎಲ್ಲರೂ ನಂಬಿದ್ದೆವು. ಚಂದ್ರಮತಿಯಂತೂ ಹಿಂದಿನ ಕೋಣೆಗೆ ಹೆಂಚು ಬದಲಿಸುವ ಕೆಲಸವನ್ನು ಆ ಆರ್ಡರ್ ಬಂದ ಮೇಲೆ ಎಂದು ಮುಂದೂಡಿ ಮಳೆಗಾಲವಿಡೀ ಪಾತ್ರೆ ಇಟ್ಟು ನೀರು ಹಿಡಿಯುತ್ತಿದ್ದಳು.

ಆ ವರ್ಷ ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಕಡಲಕರೆಯಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯವರು ಬಲೆಯನ್ನು ಕಡಲಿಗೆ ಸುತ್ತು ಹಾಕಿ ಬಂದಿದ್ದರು, ಎರಡು ತುದಿಯ ಹಗ್ಗಕ್ಕೆ ಎರಡು ಗುಂಪು. ಹೊಳೆಯ ಮೀನು ತಿಂದು ಬೆಳೆದ ನನಗೆ ಇದೆಲ್ಲ ಹೊಸತು. ತಮಾಷೆಗೆಂದು ಸೆರಗು ಸಿಕ್ಕಿಸಿ ನಾನೂ ಹಗ್ಗದ ಕೊನೆ ಹಿಡಿದೆ. ನನ್ನ ಮುಂದೆ ಸೀತು ಎಂಬ ಹಣ್ಣು ಮುದುಕಿ. ಅವಳು ಎಳೆಯುತ್ತಿರಲಿಲ್ಲ, ಹಗ್ಗವೇ ಅವಳನ್ನು ನಿಲ್ಲಿಸಿಕೊಂಡಿತ್ತು. ಬಲೆ ದಡಕ್ಕೆ ಬಂದ ಮೇಲೆ ಎಲ್ಲರೂ ಮರಳಿನಲ್ಲಿ ಕುಳಿತರು. ಬಲೆಯ ಯಜಮಾನ ಒಬ್ಬೊಬ್ಬರ ಮುಂದೆ ಪಾಲು ಹಾಕುತ್ತಾ ಬಂದ. ಸೀತುವಿಗೂ ಹಾಕಿದ. ನನ್ನ ಮುಂದೆಯೂ ಒಂದು ಬೊಗಸೆ ಬಂಗುಡೆ ಬಿತ್ತು.

“ನಂಗ್ ಎಂತಕ್ ಮಾರಾಯ್ರೆ?” ಎಂದೆ.

“ಹಗ್ಗಕ್ ಕೈ ಹಾಕಿದ್ರಿ ಅಲ್ದಾ ಅಮ್ಮಾ” ಎಂದು ಅವನು ಮುಂದೆ ಹೋದ.

ಪಾಲು ಸಿಗದಿದ್ದರೆ ಏನು ಮಾಡುತ್ತೀರಿ ಎಂದು ನಾನು ಪ್ರೇಮಾನಂದನನ್ನು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಗ್ಗ ಹಿಡಿದವನಿಗೆ ಪಾಲು ಬಂದೇ ಬರುತ್ತದೆ. ನನ್ನ ಪಾಲು ಎಲ್ಲಿ ಎಂದು ಬಾಯಿ ಬಿಟ್ಟು ಕೇಳಿದರೆ ಯಜಮಾನನನ್ನು ಕಳ್ಳ ಎಂದ ಹಾಗೆ, ಹಾಗೆ ಕೇಳಿದವನ ಜೊತೆ ಮರುದಿನ ಯಾರೂ ಹಗ್ಗ ಹಿಡಿಯುವುದಿಲ್ಲ ಎಂದ. ನನಗೆ ಅದು ಚಂದವೇ ಕಂಡಿತು. ನಮ್ಮ ಗುಲ್ವಾಡಿಯಲ್ಲಿ ನಾಲ್ಕು ಸಲ ಕೂಗಿ ಕೇಳದಿದ್ದರೆ ಮೇಲಿನ ಗದ್ದೆಯವ ಕೆಳಗಿನ ಗದ್ದೆಗೆ ನೀರು ಬಿಡುವುದಿಲ್ಲ.

ಮರುವರ್ಷದ ಬೇಸಗೆಯಲ್ಲಿ ಒಂದು ದಿನ ಲೈನು ಸರಿ ಇರುವಾಗಲೇ ಪ್ರೇಮಾನಂದ ಚೀಲ ಹಿಡಿದು ನಮ್ಮ ಶಾಖೆಗೆ ಬಂದ. ಮುಖದಲ್ಲಿ ಒಂದು ಬಗೆಯ ಬೆಳಕು. ಕುಂದಾಪುರದ ಇಂಟರ್ನೆಟ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತು ಓದಿ ಕಲಿತ ವಿದ್ಯೆ ಒಂದಿದೆ ಎಂದ. ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡಿ ತಾವೇ ದಾರಿ ಕಂಡುಕೊಳ್ಳುವ ಕ್ರಮ. ಅದು ಪೆಟ್ಟಿಗೆಯ ಒಳಗೆ ಮೊದಲಿನಿಂದಲೂ ಇತ್ತಂತೆ, ಯಾರೂ ಎಬ್ಬಿಸಿರಲಿಲ್ಲ.

“ಎಂತ ಮಾತಾಡ್ತೊ ಅವು?” ಎಂದೆ.

“ಹ್ವಾಯ್, ಇದ್ಯಾ? ಅಂದ್ ಕೇಂತೊ. ಆಚಿದ್ ಹೂಂ, ಇದ್ದೆ ಅಂತ್ತ್. ಮತ್ತೆ ತಂಗೆ ಗೊತ್ತಿಪ್ಪ ದಾರಿ ಎಲ್ಲ ಹೇಳ್ತ್. ಕೂಗ್ ಬಪ್ದ್ ನಿಂತ್ರೆ ಆ ದಾರಿ ಹೋಯ್ತ್ ಅಂದ್ ಲೆಕ್ಕ, ಬೇರೆ ದಾರಿ ಹಿಡಿತ್ತ್.”

ಪೆಟ್ಟಿಗೆಯ ಹಿಂದೆ ತಂತಿ ಸೇರುವ ಬಾಯಿ ಮೂರಿದ್ದವು. ಒಂದು ಕುಂದಾಪುರದ ಲೈನಿಗೆ, ಒಂದು ಕೆರಾಡಿ ಸುತ್ತಿ ಬರುವ ಲೈನಿಗೆ, ಒಂದು ನಮ್ಮ ಕೌಂಟರುಗಳ ಕಡೆಗೆ. ಮೊದಲಿನ ಎರಡರಲ್ಲಿ ಅವನು ಆ ಕೂಗುವ ಕ್ರಮವನ್ನು ಎಬ್ಬಿಸಿದ. ಮೂರನೆಯದನ್ನು ತೋರಿಸಿ, “ಈ ಬದಿಗ್ ನೀವ್ ಕೂಕಂಡಿದ್ರಿ. ಇಲ್ಲ್ ಕೂಗಿ ಎಂತ ಪ್ರಯೋಜ್ನ ಇಲ್ಲೆ, ಬಾಯ್ ಮುಚ್ಕಂಡ್ ಇರ್ಕ್ ಅಂದ್ ಬರಿತೆ” ಎಂದ.

“ಹಾಂಗಿದ್ದದ್ ಒಂದ್ ನಮ್ಮ್ ಅಧ್ಯಕ್ಷರಿಗೂ ಬರಿಯುಕಾತ್ತಾ ಕಾಣ್” ಎಂದೆ. ಅವನು ನಕ್ಕು ಕೆಮ್ಮಿದ.

ಆಮೇಲೆ ಅವನು ಹಳೆಯ ದಾರಿಗಳನ್ನು ಒಂದೊಂದಾಗಿ ಅಳಿಸತೊಡಗಿದ. ಕೈಯಾರೆ ಬರೆದ ದಾರಿ ಒಂದು ಉಳಿದರೂ ಪೆಟ್ಟಿಗೆ ಅದನ್ನೇ ಹೆಚ್ಚು ನಂಬುತ್ತದಂತೆ, ಪಕ್ಕದವರು ಏನು ಹೇಳಿದರೂ ಕೇಳುವುದಿಲ್ಲವಂತೆ. ಐದು ವರ್ಷ ಬಸ್ಸಿನಲ್ಲಿ ಓಡಾಡಿ ಬರೆದದ್ದನ್ನು ಅವನೇ ತೆಗೆಯುತ್ತಿದ್ದ.

“ಪ್ರೇಮಾನಂದ, ಇದ್ ಆದ್ರೆ ನೀ ಇಲ್ಲಿಗ್ ಬರ್ಕ್ ಅಂದೇ ಇಲ್ಯಾ?”

“ಬರುದ್ ಬ್ಯಾಡ ಅಕ್ಕಾ. ಲೈನ್ ಹೋದ್ದೂ ನಿಮ್ಗ್ ಗೊತ್ತಾತಿಲ್ಲೆ.”

“ಹಾಂಗಾರೆ ಈಗ್ಳೇ ಮಾಡ್ಬ್ಯಾಡ. ಮೊದ್ಲ್ ಖಾಯಂ ಆರ್ಡರ್ ಕೈಗ್ ಬರ್ಲಿ. ಲೈನ್ ಹೋತ್ತ್ ಅಂದೇ ಅವ್ರ್ ನಿನ್ನ್ ಖಾಯಂ ಮಾಡುಕ್ ಹೊರ್ಟದ್ದ್.”

ಅವನು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಮಗುವಿಗೆ ತಿಳಿಹೇಳುವವರ ಮುಖ. “ಬಲೆ ಎಳೆವತಿಗೆ ಯಾರಾರೂ ಪಾಲಿನ್ ಮಾತ್ ಆಡ್ತ್ರಾ ಅಕ್ಕಾ? ಬಲೆ ಮೇಲ್ ಬರ್ಲಿ. ಅವ್ರೇ ತಂದ್ ಹಾಕ್ತ್ರ್.”

“ಅದ್ ನಿಮ್ಮ್ ಕಡಲಕರೆ ನ್ಯಾಯ. ಇದ್ ಆಫೀಸ್ ಮಾರಾಯ.”

“ಅಲ್ಲಿಪ್ಪರೂ ನಮ್ಮೂರರೇ ಅಲ್ದಾ” ಎಂದು ಅವನು ಮತ್ತೆ ಪರದೆಗೆ ತಿರುಗಿದ.

ಕೆಲಸ ಅಷ್ಟು ಸುಲಭದಲ್ಲಿ ಆಗಲಿಲ್ಲ. ಕುಂದಾಪುರ ಮತ್ತು ಬೈಂದೂರಿನ ಪೆಟ್ಟಿಗೆಗಳು ಬೇಗ ನೆಂಟಸ್ತಿಕೆ ಮಾಡಿಕೊಂಡವು. ಬ್ರಹ್ಮಾವರದ್ದು ಮಾತ್ರ ಯಾರನ್ನೂ ನೆರೆಯವರೆಂದು ಒಪ್ಪಲಿಲ್ಲ. ಒಂದು ವಾರ ಅವನು ಅಲ್ಲಿಗೂ ಇಲ್ಲಿಗೂ ಅಲೆದ. ಕೊನೆಗೆ ತಿಳಿದದ್ದು ಇಷ್ಟು. ಎರಡೂ ಕಡೆಯವರು ಕೂಗುವ ಅಂತರ ಒಂದೇ ಇರಬೇಕು, ಒಬ್ಬ ಬೇಗ ಬೇಗ ಕೂಗಿ ಇನ್ನೊಬ್ಬ ನಿಧಾನ ಕೂಗಿದರೆ ಅವರಿಬ್ಬರೂ ನೆರೆಯವರಾಗುವುದೇ ಇಲ್ಲ. ಬ್ರಹ್ಮಾವರದಲ್ಲಿ ಮೊದಲ ದಿನ ಪರೀಕ್ಷೆಗೆಂದು ಅಂತರ ಬದಲಿಸಿದವನು ತಾನೇ ಮರೆತಿದ್ದ. ಅದನ್ನು ಸರಿಮಾಡಿ, ನಮ್ಮ ಶಾಖೆಯ ಪರದೆಯಲ್ಲಿ ಎರಡು ನೆರೆಯವರ ಹೆಸರಿನ ಎದುರೂ, ನೆಂಟಸ್ತಿಕೆ ಪೂರ್ತಿಯಾಯಿತು ಎನ್ನುವ ‘ಫುಲ್’ ಎಂಬ ಪದ ಬಂದಾಗ ಅವನು ಬೆರಳು ಅದರ ಮೇಲಿಟ್ಟು ನನಗೆ ತೋರಿಸಿದ. ಆ ದಿನ ಅವನ ಸಂತೋಷಕ್ಕೆ ಹೋಳಿಗೆ ಊಟವೂ ಸಮವಲ್ಲ.

ಆ ಸಲದ ಮಳೆ ಜೋರಿತ್ತು. ಆಷಾಢದಲ್ಲಿ ಹೆದ್ದಾರಿಯ ಬದಿಯ ಮಣ್ಣು ಕುಸಿದು ಕುಂದಾಪುರದ ಲೈನು ಮೂರು ದಿನ ಸತ್ತುಹೋಯಿತು. ನಮಗೆ ಗೊತ್ತೇ ಆಗಲಿಲ್ಲ. ಹೆಡ್ ಆಫೀಸಿನವರು ಫೋನ್ ಮಾಡಿ, ನಿಮ್ಮ ಕಡೆ ಕೆಲಸ ನಡೆಯುತ್ತಿದೆಯಾ ಎಂದು ಕೇಳಿದಾಗಲೇ ತಿಳಿದದ್ದು. ನಡೆಯುತ್ತಿತ್ತು, ಕೆರಾಡಿ ಸುತ್ತಿ. ಸುದ್ದಿ ಅಧ್ಯಕ್ಷರ ಕಿವಿಗೂ ಹೋಯಿತು. ಮಹಾಸಭೆಯಲ್ಲಿ ಅವರು ಮೈಕು ಹಿಡಿದು, ನಮ್ಮ ಸೊಸೈಟಿಯಲ್ಲಿ ಇನ್ನು ಲೈನ್ ಹೋಗುವ ಪ್ರಶ್ನೆಯೇ ಇಲ್ಲ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕುಳಿತಿದ್ದ ಪ್ರೇಮಾನಂದ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ತನ್ನ ಹೆಸರು ಈಗ ಬರುತ್ತದೆ, ಆರ್ಡರ್ ಈಗ ಬರುತ್ತದೆ ಎಂದು. ಅಧ್ಯಕ್ಷರು ವಂದನೆ ಹೇಳಿ ಕುಳಿತರು. ಆಮೇಲೆ ಊಟ.

ಅವನು ಆಗಲೂ ಕೇಳಲಿಲ್ಲ. ಒಂದು ಅರ್ಜಿ ಕೊಡು, ನಾನು ಬರೆದುಕೊಡುತ್ತೇನೆ ಎಂದು ನಾನು ಎಷ್ಟು ಹೇಳಿದರೂ, “ಕೇಂಡ್ ತಕಂಬ್ದಲ್ಲ ಅಕ್ಕಾ” ಎಂಬ ಒಂದೇ ಮಾತು. ಮಗು ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂದು ಬೈದೆ. ಅವನು ನಕ್ಕ. ಯಾರೂ ಅವನನ್ನು ಕರೆಯಲಿಲ್ಲ, ಕರೆಯುವ ಕಾರಣವೇ ಇರಲಿಲ್ಲ. ಕರೆ ಇಲ್ಲದ ಮೇಲೆ ಕೂಲಿಯೂ ಇಲ್ಲ. ಆದರೂ ಅವನು ದಿನಾ ಚೀಲ ಹಿಡಿದು ಹೆಡ್ ಆಫೀಸಿಗೆ ಹೋಗಿ, ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಬರುತ್ತಿದ್ದ. ಎದುರು ಕುಳಿತವನನ್ನು ಕಂಡಾದರೂ ನೆನಪಾಗಲಿ ಎಂದು ಇರಬೇಕು. ಮೊದಮೊದಲು ಚಾ ಕೊಟ್ಟರು. ಆಮೇಲೆ ಚಾ ತರುವವನೂ ಅವನನ್ನು ದಾಟಿ ಹೋಗತೊಡಗಿದ.

ದೀಪಾವಳಿ ಕಳೆದ ಮೇಲೆ ಚಂದ್ರಮತಿಯೇ ತಡೆಯಲಾರದೆ ಜಿತೇಂದ್ರರ ಬಳಿ ಹೋದಳು. ಗಂಡನಿಗೆ ಹೇಳದೆ, ಮಗಳ ಕೈ ಹಿಡಿದು. ಜಿತೇಂದ್ರರು ಕೆಟ್ಟ ಮನುಷ್ಯ ಅಲ್ಲ, ಅವರನ್ನು ಕೆಟ್ಟವರೆಂದು ಬೈಯಲು ಬರುವಂತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳನ್ನು ಕೂರಿಸಿ, ಮಗಳಿಗೆ ಬಿಸ್ಕತ್ತು ತರಿಸಿ, ಇದ್ದದ್ದನ್ನು ಹೇಳಿದರು. ಹುದ್ದೆಯ ವಿಷಯ ಮಂಡಳಿಯ ಮುಂದೆ ಬಂದಿತ್ತು. ಲೈನೇ ಹೋಗದ ಮೇಲೆ ಲೈನ್ ನೋಡುವವ ಯಾಕೆ ಎಂದು ಮಂಡಳಿಯವರು ಕೇಳಿದರು. ವರ್ಷಕ್ಕೊಮ್ಮೆ ನೋಡಿ ಹೋಗುವುದಕ್ಕೆ ಕಂಪನಿಯವರಿಗೇ ಕೊಟ್ಟಾಯಿತು.

“ನಮ್ಮನಿಯರನ್ನ್ ತೆಗ್ದ್ ಹಾಕಿದ್ರ್ಯಾ ಹಾಂಗಾರೆ?” ಎಂದು ಅವಳು ಕೇಳಿದಳು.

“ತೆಗ್ದ್ ಹಾಕ್ಲಿಲ್ಲ ತಂಗೀ. ಕರಿಲಿಲ್ಲ ಅಷ್ಟೆ. ಲೈನ್ ಹೋದ್ ದಿನ ಫೋನ್ ಬತ್ತ್.”

ಅವಳು ಇದನ್ನು ನನ್ನ ಕೌಂಟರಿನ ಎದುರು ನಿಂತು ಹೇಳುವಾಗ ಅಳಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ನಾನೇ ಬುಸುಗುಟ್ಟಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಜಲಜಕ್ಕಾ, ಅವ್ರ್ ಅಷ್ಟ್ ಲಾಯ್ಕ್ ಮಾಡ್ದೆ, ಒಂಚೂರ್ ಹಾಳ್ ಮಾಡಿದ್ರೆ ಆತಿತ್ತಾ?” ಆಗುತ್ತಿತ್ತು ಎಂದು ನಾನು ಹೇಳಲಿಲ್ಲ. ಹೇಳಿ ಇನ್ನೇನು ಆಗುವುದಿತ್ತು.

ಪ್ರೇಮಾನಂದ ಬೇರೆ ಕಡೆಯೂ ಕೆಲಸ ಕೇಳಿದ, ಇಲ್ಲವೆಂದಲ್ಲ. ಈ ಮೂರು ಊರುಗಳಲ್ಲಿ ಇಂಥ ಪೆಟ್ಟಿಗೆ ಇದ್ದ ಆಫೀಸುಗಳೇ ನಾಲ್ಕೈದು, ಅವಕ್ಕೆಲ್ಲ ದೊಡ್ಡ ಊರಿನ ಕಂಪನಿಗಳ ಕರಾರು. ಮೀನು ಇಳಿಸುವ ಧಕ್ಕೆಯಲ್ಲಿ ಮಂಜುಗಡ್ಡೆ ಹೊರುವ ಕೆಲಸಕ್ಕೆ ಹೋದವನು ಎರಡನೆಯ ವಾರವೇ ಉಸಿರು ಕಟ್ಟಿ ಮನೆಗೆ ಬಂದ. ಚಂದ್ರಮತಿ ಬುಟ್ಟಿ ಹೊತ್ತು ಮೀನು ಮಾರಲು ಹೊರಟಳು. ಒಂದು ಸಂಜೆ ಅವಳೇ ಗಂಡನ ಬಟ್ಟೆಗಳನ್ನು ಮಡಚಿ ಬ್ಯಾಗಿಗೆ ಹಾಕಿದಳಂತೆ. ಬೊಂಬಾಯಿಯಲ್ಲಿ ಅವಳ ಸೋದರಮಾವನ ಹೋಟೆಲೊಂದಿತ್ತು.

ಅವನು ಟಿಕೆಟ್ ಮಾಡಿಸಿದ ಸುದ್ದಿ ಕೇಳಿದ ಮರುದಿನ ನಾನು ಒಂದು ಕೆಲಸ ಮಾಡಿದೆ. ಇದನ್ನು ತಪ್ಪು ಎಂದು ನಾನು ಇಂದಿಗೂ ಒಪ್ಪುವುದಿಲ್ಲ. ಸೋಮವಾರ, ಕೌಂಟರಿನಲ್ಲಿ ನೂಕುನುಗ್ಗಲು. ಎದ್ದು ಪೆಟ್ಟಿಗೆಯ ಹಿಂದೆ ಕೈ ಹಾಕಿ ಕುಂದಾಪುರದ ಲೈನಿನ ತಂತಿಯನ್ನು ಎಳೆದುಬಿಟ್ಟೆ. ಹೋಗಲಿ. ಎಲ್ಲ ನಿಲ್ಲಲಿ. ಜನ ಕೂಗಲಿ, ಜಿತೇಂದ್ರರ ಫೋನು ಬಿಸಿಯಾಗಲಿ, ಅವನನ್ನು ಮನೆಯಿಂದ ಕರೆದುಕೊಂಡು ಬರಲಿ. ಪಾಸ್‌ಬುಕ್ಕಿನ ಪ್ರಿಂಟರು ಒಂದು ಸಾಲಿನ ನಡುವೆ ನಿಂತಿತು. ಎದುರಿದ್ದ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಪ್ರಿಂಟರು ಉಳಿದ ಸಾಲನ್ನು ಮುಗಿಸಿ ಪಾಸ್‌ಬುಕ್ಕನ್ನು ಹೊರಗೆ ತಳ್ಳಿತು. ಅವಳು ಅದನ್ನು ತೆಗೆದುಕೊಂಡು ಹೋದಳು.

ಎರಡನೆಯ ತಂತಿಯನ್ನೂ ಎಳೆಯಬಹುದಿತ್ತು. ಎಳೆದಿದ್ದರೆ ನಿಲ್ಲುತ್ತಿತ್ತು. ಆದರೆ ಎರಡೂ ಒಟ್ಟಿಗೆ ಹೋದರೆ ಯಾರೋ ಕಿತ್ತದ್ದೆಂದು ಕುರುಡನಿಗೂ ತಿಳಿಯುತ್ತದೆ. ಕಂಪನಿಯವರು ಫೋನಿನಲ್ಲೇ ತಂತಿ ಸಿಕ್ಕಿಸಿ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸಂಜೆಯವರೆಗೆ ಆ ತಂತಿ ನೇತಾಡುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಮನೆಗೆ ಹೊರಡುವ ಮೊದಲು ನಾನೇ ಸಿಕ್ಕಿಸಿದೆ.

ಬೈಂದೂರು ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಧನ್ಯಶ್ರೀಗೆ ಆಗ ಆರೋ ಏಳೋ. ಅಪ್ಪ ಯಾವಾಗ ಬರುತ್ತಾರೆ ಎಂದು ಕೇಳುತ್ತಲೇ ಇದ್ದಳು. ಮಳೆಗಾಲಕ್ಕೆ ಎಂದ ಪ್ರೇಮಾನಂದ. ಚಂದ್ರಮತಿ ರೈಲಿನ ಕಡೆ ನೋಡದೆ ಮಗಳ ಜಡೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಮಳೆಗಾಲಕ್ಕೆ ಅವನು ಬರಲಿಲ್ಲ, ಅದರ ಮುಂದಿನ ಮಳೆಗಾಲಕ್ಕೂ ಬರಲಿಲ್ಲ. ಹೋಟೆಲಿನಲ್ಲಿ ಮೊದಲು ಗಲ್ಲಾ ಎಂದಿದ್ದರು, ಆಮೇಲೆ ಒಳಗೆ ಒಲೆಯ ಹತ್ತಿರ ನಿಲ್ಲಿಸಿದರು. ಕೆಮ್ಮು ಮತ್ತೆ ಶುರುವಾಗಿದೆಯಂತೆ ಎಂದು ಚಂದ್ರಮತಿ ಒಮ್ಮೆ ಹೇಳಿ, ಮಾತು ಬೇರೆ ಕಡೆ ತಿರುಗಿಸಿದಳು.

2013ರ ಮಳೆ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಶಾಖೆಯ ಫೋನಿಗೇ ಅವನ ಕರೆ ಬಂತು. ಸ್ವರ ಸಣ್ಣದಾಗಿತ್ತು, ಪಾತ್ರೆಗಳ ಸದ್ದಿನ ನಡುವೆ ಕಷ್ಟಪಟ್ಟು ಕೇಳಬೇಕಿತ್ತು.

“ಅಕ್ಕಾ, ಮಳೆ ಹ್ಯಾಂಗಿತ್ತ್ ಈ ಸಲ?”

“ಜೋರಿತ್ತ್ ಮಾರಾಯ. ಮರ ಎಲ್ಲ ಬಿದ್ದಿತ್.”

“ಕೆಲ್ಸ ನಿಂತಿತ್ತಾ?”

“ಇಲ್ಲೆ.”

“ಒಂದ್ ಸಲವೂ ಇಲ್ಯಾ?”

ಆಗ ನನಗೆ ತಿಳಿಯಿತು. ಎರಡು ಮಳೆಗಾಲದಿಂದ ಅವನು ಆ ಒಲೆಯ ಬುಡದಲ್ಲಿ ಅದೊಂದು ಫೋನಿಗೆ ಕಾದಿದ್ದ. ಹೌದು, ನಿಂತಿತ್ತು, ನಿನ್ನನ್ನು ಕೇಳುತ್ತಿದ್ದಾರೆ ಎಂದು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವನು ಆ ದಿನವೇ ರೈಲು ಹತ್ತುತ್ತಿದ್ದ. ಬಂದು ಆ ಬೆಂಚಿನಲ್ಲಿ ಕೂರಬೇಕಿತ್ತು.

“ಇಲ್ಲೆ ಪ್ರೇಮಾನಂದ. ನಾನೇ ಒಂದಿನ ತಂತಿ ಎಳ್ದ್ ಕಂಡೆ. ನೀ ಹೋಪು ಮೊದ್ಲೇ. ಆಗ್ಳೂ ನಿಲ್ಲಿಲ್ಲೆ.”

ಯಾಕೆ ಎಳೆದೆ ಎಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಾಗಿರಬೇಕು. ಹಿಂದಿನಿಂದ ಯಾರೋ ಹಿಂದಿಯಲ್ಲಿ ಬೇಗ ಬಾ ಎಂದು ಕೂಗಿದರು. ಅವನು ಕೆಮ್ಮಿ, ಉಸಿರು ಎಳೆದುಕೊಂಡ.

“ಅದ್ ನಿಲ್ಲುದಿಲ್ಲೆ ಅಕ್ಕಾ” ಎಂದ. “ನಾನ್ ಸಮಾ ಮಾಡಿದ್ದೆ.”